ಮಡಿ ಒಲೆಯ ವಿಲಾಯತಿ ಅಡುಗೆ

ಅಪ್ಪ ಎಸೆದ ಬಟ್ಟಲಿನಿಂದ ಶುರು ಮಾಡುತ್ತೇನೆ. ಅದರ ಗಾಯ ನನ್ನ ಎಡಹುಬ್ಬಿನ ಮೇಲೆ ಇನ್ನೂ ಇದೆ, ಮತ್ತು ನೆನಪಿಗಿಂತ ಚರ್ಮದ ಮೇಲೆ ನನಗೆ ಹೆಚ್ಚು ನಂಬಿಕೆ. ಬಟ್ಟಲಿನಲ್ಲಿ ಇದ್ದದ್ದು ಫ್ರೆಂಚರ ಉಳ್ಳಾಗಡ್ಡಿ ಸೂಪು, ಉಳ್ಳಾಗಡ್ಡಿ ಇಲ್ಲದ್ದು. ನಿಜಾಮನ ಸೀಮೆಯ ಮಕ್ತಲದಲ್ಲಿ ನಮ್ಮ ಮನೆ ಮಾಧ್ವರ ಮನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೊಟ್ಟೆ, ಮಾಂಸ ಯಾವುದೂ ಹೊಸ್ತಿಲು ದಾಟುವಂತಿರಲಿಲ್ಲ. ಆದರೂ ಶುಕ್ರವಾರ, ತಹಸೀಲ ಕಚೇರಿಗೆ ರಜೆ ಇದ್ದ ದಿನ, ಗುಮಾಸ್ತನಾಗಿದ್ದ ಅಪ್ಪನಿಗೆ ಪರದೇಶದ ಒಂದು ಅಡುಗೆ ಆಗಲೇಬೇಕಿತ್ತು. ಅವ್ವ ಸೋರೆಕಾಯಿಯನ್ನು ಎಳೆ ಎಳೆಯಾಗಿ ಹೆಚ್ಚಿ, ತುಪ್ಪದಲ್ಲಿ ಕಂದು ಬಣ್ಣಕ್ಕೆ ಬರುವವರೆಗೆ ಹುರಿದು, ಇಂಗು ಹಾಕಿ ಕುದಿಸಿದ್ದಳು. ಅಪ್ಪ ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ, ಬಟ್ಟಲನ್ನು ಅವ್ವನ ಮುಖಕ್ಕೆ ಗುರಿಯಿಟ್ಟು ಬೀಸಿದ. ಅವ್ವ ಬಗ್ಗಿದಳು. ಹಿಂದೆ ನಾನು ನಿಂತಿದ್ದೆ.

"ಇದು ಸೂಪೇನ? ಸೋರಿಕಾಯಿ ತೊಳದ ನೀರು!" ಎಂದು ಅಪ್ಪ ಕಿರುಚಿದ.

ಹಿತ್ತಲಿನಿಂದ ಇನ್ನೊಂದು ದನಿ ಅದಕ್ಕಿಂತ ಜೋರಾಗಿ ಬಂತು.

"ಸಾಹೇಬ್ರ, ಬಾಯಿಗೆ ಏನೂ ಅನಬ್ಯಾಡ್ರಿ! ಗಲತಿ ನಂದೈತಿ! ಇನ್ನಷ್ಟು ಹುರೀಬೇಕಿತ್ತು, ನಾನೇ ಸಾಕಂದೆ!"

ಹಾಗೆ ಕೂಗಿದವನು ಖಾಸೀಂ ಸಾಬ; ಅವ್ವನನ್ನು ಅವನು ಬಾಯಿ ಎಂದು ಕರೆಯುತ್ತಿದ್ದ. ಅವನು ಸುಳ್ಳು ಹೇಳಿದ್ದ. ಇನ್ನಷ್ಟು ಹುರಿಯಿರಿ ಎಂದು ಅವನು ಅರಚಿದ್ದನ್ನೂ, ತುಪ್ಪ ಸುಡುತ್ತದೆ ಎಂದು ಅವ್ವ ಕೆಳಗಿಳಿಸಿದ್ದನ್ನೂ ನಾನು ಕೇಳಿದ್ದೆ. ಅಪ್ಪ ಹಿಂದೊಮ್ಮೆ ಕೃಷ್ಣಾ ತೀರದಲ್ಲಿ ನೀರಿನ ಅಳತೆಗೆ ಬಂದಿದ್ದ ಒಬ್ಬ ಬಿಳಿಯ ಇಂಜಿನಿಯರನ ಡೇರೆಯಲ್ಲಿ ಕೆಲಸ ಮಾಡಿದ್ದ. ಖಾಸೀಂ ಸಾಬ ಅಲ್ಲಿಯ ಬಬರ್ಚಿ, ಅಡುಗೆಯವನು. ಅಪ್ಪ ದಿನವೂ ಮಧ್ಯಾಹ್ನ ತನ್ನ ಅವಲಕ್ಕಿ ಗಂಟನ್ನು ಬಿಚ್ಚಿಕೊಂಡು, ಗಾಳಿ ಬರುವ ಕಡೆ ಕೂತು, ಡೇರೆಯ ಅಡುಗೆಯ ವಾಸನೆ ನೋಡುತ್ತಿದ್ದನಂತೆ. ಮುಟ್ಟಲಿಲ್ಲ, ತಿನ್ನಲಿಲ್ಲ. ತಿನ್ನದೆ ಉಳಿದ ಅಡುಗೆಗಳು ಅವನೊಳಗೆ ಹುಣ್ಣಿನ ಹಾಗೆ ಬೆಳೆದವು. ಇಂಜಿನಿಯರ ಊರಿಗೆ ಹೋದ ಮೇಲೆ ಖಾಸೀಂ ಸಾಬನನ್ನು ಮಕ್ತಲಕ್ಕೆ ಕರೆತಂದು, ಮಸೀದಿಯ ಹಿಂದಿನ ಓಣಿಯಲ್ಲಿ ಮನೆ ಕೊಡಿಸಿದ. ಮಿಕ್ಕ ದಿನ ಅವನು ಮದುವೆಗಳಿಗೆ ಬಿರಿಯಾನಿ ಮಾಡುತ್ತಿದ್ದ. ಶುಕ್ರವಾರ ನಮಾಜು ಮುಗಿಸಿ ನಮ್ಮ ಹಿತ್ತಲಿಗೆ ಬರುತ್ತಿದ್ದ.

ಬಂದವನು ಅಡುಗೆಮನೆಯ ಹಿಂಬಾಗಿಲಿನಿಂದ ದೂರ, ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ಕೂರಬೇಕು. ಅವ್ವ ಒಳಗೆ ಮಡಿಯಲ್ಲಿ: ತಣ್ಣೀರು ಮಿಂದು, ಮೇಲೆ ಗಳದಲ್ಲಿ ಯಾರೂ ಮುಟ್ಟದಂತೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟವಳು. ಸ್ನಾನವಾಗದವರು ಅವಳನ್ನು ಮುಟ್ಟಿದರೆ, ಹೊಸ್ತಿಲು ದಾಟಿದರೆ ಎಲ್ಲವೂ ಮೈಲಿಗೆ, ಮತ್ತೆ ಮೊದಲಿನಿಂದ. ಖಾಸೀಂ ಸಾಬ ಹೇಳಬೇಕು, ಅವ್ವ ಮಾಡಬೇಕು. ಆದರೆ ದೇವರ ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ, ಅವ್ವ ಕೂಡ. ಹಾಗಾಗಿ ಅವ್ವ ಪಾತ್ರೆಯನ್ನು ಹೊಸ್ತಿಲ ಒಳಗೆ ತಂದಿಟ್ಟು, ಮೊರದಿಂದ ಆವಿಯನ್ನು ಹೊರಗೆ ಬೀಸುವಳು. ಬಾವಿಕಟ್ಟೆಯ ಹತ್ತಿರ ಅವನು ಮೂಗು ಎತ್ತಿ, ಉಪ್ಪು ಎಷ್ಟಿದೆ, ಹಿಟ್ಟು ಬೆಂದಿದೆಯೇ ಹೇಳುವನು. ಉಪ್ಪಿಗೆ ವಾಸನೆ ಇಲ್ಲ ಎಂದು ನನಗೆ ಈಗ ಗೊತ್ತು. ಆಗ ಅವನಿಗೂ ಗೊತ್ತಿದ್ದಿರಬೇಕು. ಅವನು ಭಾರಿ ಬಡಾಯಿಯ ಮನುಷ್ಯ. ಇಂಜಿನಿಯರನಿಗಿಂತ ಮೊದಲು ಹೈದರಾಬಾದಿನಲ್ಲಿ ಒಬ್ಬ ಅರಬ ಜಮಾದಾರನ ಮನೆಯಲ್ಲಿದ್ದೆ ಎನ್ನುತ್ತಿದ್ದ. ಅವನು ಹೇಳಿದ ಅರ್ಧ ಅಡುಗೆಗಳನ್ನು ಅವನೇ ಹುಟ್ಟಿಸಿದ್ದನೆಂದು ನನ್ನ ಅನುಮಾನ.

"ಬಾಯಿ, ಹಿಟ್ಟು ಹಸಿ ಐತಿ. ಹುರೀರಿ."

"ಕೆಂಪಾಗ್ಲಿಕ್ಕತ್ತದ, ಸಾಬ್ರ. ನಿಮ್ಮ ಮೂಗಿಗೆ ನೆಗಡಿ ಬಂದದೇನು?"

"ಈ ಮೂಗಿಗೆ ಜಮಾದಾರ ಸಲಾಂ ಹೊಡೀತಿದ್ದ, ಬಾಯಿ. ಹುರೀರಿ ಅಂದ್ರ ಹುರೀರಿ."

"ಹಂಗಾದ್ರ ಅದೊಂದನ್ನ ಬಿಚ್ಚಿ ಒಳಗ ಕಳಸ್ರಿ. ಬಾವಿ ನೀರಾಗ ಅದ್ದಿ ಮಡೀಲೆ ತಗೋತೀನಿ."

ಹೀಗೆ ಜಗಳವಾಡುತ್ತ ಅವರು ಲೋಕವನ್ನು ಬೇಯಿಸಿದರು. ಗೋಧಿ ಹಿಟ್ಟಿನ ಎಳೆಗಳನ್ನು ಕಡ್ಡಿಗೆ ಸುತ್ತಿ ಎಳೆದು ಇಟಲಿಯ ಮ್ಯಾಕರೋನಿ. ಕುಂಬಳದ ಎಲೆಯಲ್ಲಿ ಅನ್ನ ಮಡಿಚಿ ತುರ್ಕರ ದೋಲ್ಮಾ. ಮಾಂಸವಿಲ್ಲದೆ, ಗೋಧಿ ನುಚ್ಚನ್ನೇ ಒನಕೆಯಿಂದ ನಾರು ಬಿಡುವ ಹಾಗೆ ಜಜ್ಜಿ ಅರಬರ ಹರೀಸ್. ಮುಚ್ಚಳದ ಮೇಲೂ ಕೆಳಗೂ ಕೆಂಡ ಸುರಿದು, ಒಳಗೆ ಸುವರ್ಣಗಡ್ಡೆ ತುಂಬಿ, ಇಂಗ್ಲಿಷರ ಪೈ. ಚಾತುರ್ಮಾಸ್ಯ ಬಂದರೆ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ. "ತರಕಾರಿ ಇಲ್ದ ಸ್ಟ್ಯೂ ಅಂದ್ರ ಕೈ ತೊಳಿಯೋ ಬಿಸಿನೀರು" ಎಂದು ಖಾಸೀಂ ಸಾಬ ತಲೆ ಚಚ್ಚಿಕೊಳ್ಳುತ್ತಿದ್ದ. ಸರಿ ಬಂದ ದಿನ ಅಪ್ಪ ಏನೂ ಹೇಳದೆ ಉಣ್ಣುತ್ತಿದ್ದ. ಸರಿ ಬಾರದ ದಿನ ಕೈಗೆ ಸಿಕ್ಕಿದ್ದು ಅವ್ವನ ಮೇಲೆ ಬೀಳುತ್ತಿತ್ತು: ಬಟ್ಟಲು, ಚಮಚೆ, ಒಮ್ಮೆ ಉರಿಯುವ ಕೊಳ್ಳಿ. ಹೊರಗೆ ಖಾಸೀಂ ಸಾಬ ಪ್ರತಿ ಸಲವೂ ಗಲತಿ ನಂದು ಎಂದು ಅರಚುತ್ತಿದ್ದ. ಅವನು ಒಳಗೆ ಬಂದು ಅಪ್ಪನ ಕೈ ಹಿಡಿಯುವಂತಿರಲಿಲ್ಲ. ಹೊಸ್ತಿಲು ಇತ್ತು.

ಆಮೇಲೆ ಹೊರಗಿನ ಹೊಡೆತ ಮನೆಯೊಳಗೆ ಬಂತು. ಅಪ್ಪನ ತಮ್ಮ ಗುಂಡೂ ಕಾಕಾ ನಿಜಾಮನ ವಿರುದ್ಧ ಹೋರಾಡುವವರ ಜೊತೆ ಸೇರಿ, ಗದ್ವಾಲಿನ ಕಡೆಯಿಂದ ತುಂಗಭದ್ರೆ ದಾಟಿ ಆಚೆ ದಂಡೆಯ ಶಿಬಿರಕ್ಕೆ ಹೋಗಿದ್ದ. ಅವನನ್ನು ಕೇಳಿಕೊಂಡು, ನಿಜಾಮನ ಪರ ಬಂದೂಕು ಹಿಡಿದಿದ್ದ ರಜಾಕಾರರು ಬಂದರು, ಒಂದು ಶುಕ್ರವಾರ, ಹಗಲಲ್ಲೇ. ಅಪ್ಪನನ್ನು ಪಡಸಾಲೆಯಿಂದ ಎಳೆದು ಅಂಗಳದಲ್ಲಿ ಕೂರಿಸಿ ಬಂದೂಕಿನ ಹಿಂಭಾಗದಿಂದ ಬಾಯಿಗೆ ಹೊಡೆದರು. ಹಲ್ಲುಗಳು ಮಣ್ಣಿನಲ್ಲಿ ಬಿದ್ದದ್ದು ನೆನಪಿದೆ. ಕೋಳಿಯೊಂದು ಓಡಿ ಬಂದು ಕಾಳೆಂದು ಅವುಗಳಲ್ಲಿ ಒಂದನ್ನು ಕುಕ್ಕಿದ್ದೂ ನೆನಪಿದೆ. ನನ್ನ ತಮ್ಮ ಪಾಂಡು ಕೋಳಿ ಇರಲಿಲ್ಲ ಎನ್ನುತ್ತಾನೆ. ನಮ್ಮಂಥವರ ಅಂಗಳಕ್ಕೆ ಕೋಳಿ ಎಲ್ಲಿಂದ ಬರಬೇಕು? ಸರಿ, ಕೋಳಿಯನ್ನು ತೆಗೆಯುತ್ತೇನೆ. ಹಲ್ಲುಗಳನ್ನು ತೆಗೆಯಲು ಬಾರದು. ಅವರು ಚಾವಣಿಗೆ ಬೆಂಕಿ ಇಡಲು ಹುಲ್ಲು ತರುತ್ತಿರುವಾಗ ಖಾಸೀಂ ಸಾಬ ಹಿತ್ತಲಿನಿಂದ ಬಂದ. ಅವರ ಮುಖಂಡನ ಹೆಗಲ ಮೇಲೆ ಕೈ ಹಾಕಿ ಉರ್ದುವಿನಲ್ಲಿ ಏನೋ ಹೇಳಿದ. ಗಟ್ಟಿಯಾಗಿ ನಕ್ಕ. ಮುಖಂಡನೂ ನಕ್ಕ. ಹುಲ್ಲನ್ನು ಅಲ್ಲೇ ಬಿಸಾಡಿ ಹೋದರು. ಓಣಿಯವರೆಲ್ಲ ಬಾಗಿಲ ಸಂದಿಯಿಂದ ನೋಡಿದ್ದು ಆ ನಗುವನ್ನು.

"ಅವರ ಕೂಡ ಏನ್ ನಗ್ಯಾಟ, ಸಾಬ್ರ?" ಎಂದು ಅವ್ವ ಒಳಗಿನಿಂದ ಕೇಳಿದಳು.

"ನಗದಿದ್ರ ಸುಡತಿದ್ರು, ಬಾಯಿ," ಎಂದು ಅವನು ಬಾವಿಕಟ್ಟೆಯ ಮೇಲೆ ಕೂತು ವಾಂತಿ ಮಾಡಿದ.

ಹಲ್ಲಿಲ್ಲದ ಅಪ್ಪನಿಗೆ ಈಗ ಸೂಪು ಶೋಕಿಯಾಗಿ ಉಳಿಯಲಿಲ್ಲ, ಊಟವಾಯಿತು. ಖಾಸೀಂ ಸಾಬ ದಿನವೂ ಬರತೊಡಗಿದ. ಅಪ್ಪ ಬಟ್ಟಲು ಎಸೆಯುವುದನ್ನು ಬಿಟ್ಟ. ಒಳ್ಳೆಯವನಾದ ಎಂದು ಬರೆಯುವ ಆಸೆ ಆಗುತ್ತದೆ. ಆದರೆ ಅವನ ತೋಳಿಗೂ ಏಟು ಬಿದ್ದಿತ್ತು, ಎತ್ತಲು ಆಗುತ್ತಿರಲಿಲ್ಲ.

ಭಾದ್ರಪದದಲ್ಲಿ ಹಿಂದೂಸ್ತಾನದ ಪಲ್ಟನ್ನು ಬಂತು. ನಿಜಾಮ ಸೋತ ಎಂದರು. ನಾರಾಯಣಪೇಟೆಯ ರಸ್ತೆಯಲ್ಲಿ ಮೋಟಾರುಗಳ ಧೂಳು ಎದ್ದಿತು, ಜನ ಸಕ್ಕರೆ ಹಂಚಿದರು, ನಾನೂ ತಿಂದೆ. ಆಮೇಲೆ ಊಟ್ಕೂರಿನ ದಿಕ್ಕಿನಲ್ಲಿ ಹೊಗೆ ಕಂಡಿತು. ಆಮೇಲೆ ಮಸೀದಿಯ ಹಿಂದಿನ ಓಣಿಯಲ್ಲೇ ಹೊಗೆ. ರಜಾಕಾರರು ಆಗಲೇ ಓಡಿಹೋಗಿದ್ದರು. ಉಳಿದು ಸೇಡಿಗೆ ಸಿಕ್ಕಿದವರು ಗಾಡಿ ಹೊಡೆಯುವವರು, ಬಳೆ ಮಾರುವವರು, ಮುದುಕಿಯರು. ಆ ಓಣಿಯ ಬಾವಿಯಲ್ಲಿ ನೀರು ಸೇದಬೇಡಿ ಎಂದು ಡಂಗುರ ಹೊಡೆದರು. ಏಕೆಂದು ನನಗೆ ಯಾರೂ ಹೇಳಲಿಲ್ಲ, ಎಲ್ಲರೂ ಹೇಳದೆ ಇರುವುದನ್ನು ನೋಡಿಯೇ ತಿಳಿಯಿತು. ಒಂದು ಬೆಳಿಗ್ಗೆ ಖಾಸೀಂ ಸಾಬ ಹಿತ್ತಲ ಗೋಡೆ ಹಾರಿ ಬಿದ್ದ. ಒಂದು ಕಿವಿ ಹರಿದು ಜೋತಾಡುತ್ತಿತ್ತು. ಅವ್ವ ಮಡಿಯಲ್ಲಿದ್ದಳು.

"ಒಳಗ ಬರ್ರಿ."

"ಬಾಯಿ, ಮಡಿ..."

"ಬರ್ರಿ ಅಂದ್ನಲ್ಲ, ಸಾಬ್ರ. ಊರಾಗಿನ ಯಾವ ಗಂಡಸೂ ಕಾಲಿಡದ ಜಾಗಾ ಇದೊಂದೇ ಅದ."

ಅವನು ಮಂಡಿಯಿಂದ ತೆವಳಿ ಹೊಸ್ತಿಲು ದಾಟಿದ. ಅವ್ವ ಕಿವಿಗೆ ಅರಿಸಿನ ಒತ್ತುತ್ತಿದ್ದಾಗ ಅವನು ಕತ್ತಲೆಗೆ ಕಣ್ಣು ಹೊಂದಿಸಿಕೊಂಡು ಸುತ್ತಲೂ ನೋಡಿದ.

"ಇಷ್ಟೇ ಇಷ್ಟು ಒಲಿಯಾಗ ಮಾಡ್ತಿದ್ರೇನು, ಬಾಯಿ? ನಾನು ಡೇರೆದಾಗಿನಂಥಾ ಭಟ್ಟಿ ಐತಿ ಅಂತ ತಿಳ್ಕೊಂಡು ಬೈತಿದ್ದೆ."

"ಈಗ ಗೊತ್ತಾತಿಲ್ಲ? ಇನ್ನ ಬೈಬ್ಯಾಡ್ರಿ."

ಅವನು ಬೀಸುವ ಕಲ್ಲಿನ ಹಿಂದೆ, ಕಟ್ಟಿಗೆ ರಾಶಿಯ ಮರೆಯಲ್ಲಿ ಉಳಿದ. ಪಡಸಾಲೆಯ ಕಡೆಯ ಬಾಗಿಲಿಗೆ ಅವ್ವ ಒಳಗಿನಿಂದ ಅಗಳಿ ಹಾಕಿದಳು. ನಮ್ಮ ಮನೆಯ ಅತ್ಯುತ್ತಮ ಅಡುಗೆಗಳು ಆ ದಿನಗಳವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಹೊರಗೆ ಜನ ಸಾಯುತ್ತಿದ್ದರು. ಆದರೆ ಅವನು ಈಗ ಒಲೆಯ ಮುಂದೆ ಇದ್ದ, ಚಮಚೆಯನ್ನು ನಾಲಿಗೆಗೆ ಮುಟ್ಟಿಸಬಲ್ಲವನಾಗಿದ್ದ. ಹರೀಸು ಹೇಗೆ ತಿರುವಬೇಕೆಂದು ಅವ್ವನ ಕೈಯಿಂದ ಸೌಟು ಕಸಿದು ತೋರಿಸಿದ. ಅವ್ವ ಆ ಸೌಟನ್ನು ತೊಳೆಯಲಿಲ್ಲ. ನೈವೇದ್ಯ ಇಟ್ಟಳೋ ಇಲ್ಲವೋ ನಾನು ಕೇಳಲಿಲ್ಲ. ಮೊದಲ ದಿನ ಅಪ್ಪ ಸೂಪನ್ನು ಬಾಯಿಗೆ ಹಾಕಿ ನಿಂತುಹೋದ. ಉಪ್ಪು ಸರಿಯಾಗಿತ್ತು. ಅವನು ಅಗಳಿ ಹಾಕಿದ ಬಾಗಿಲನ್ನು ಬಹಳ ಹೊತ್ತು ನೋಡಿದ, ಮತ್ತೆ ಬಟ್ಟಲನ್ನು ನೋಡಿದ, ಕುಡಿದು ಮುಗಿಸಿದ. ಅವನಿಗೆ ತಿಳಿಯಿತು.

ಗುಂಡೂ ಕಾಕಾ ಆಚೆ ದಂಡೆಯಿಂದ ಬಂದೂಕಿನೊಂದಿಗೆ, ಗುಂಪಿನೊಂದಿಗೆ ಹಿಂತಿರುಗಿದ. ಊರು ಹಾರ ಹಾಕಿತು. ಮನೆಗೆ ಬಂದು, ಸ್ನಾನ ಮಾಡಿ, ಪಡಸಾಲೆಯಲ್ಲಿ ಉಂಡ. ಅಣ್ಣನ ಬೊಚ್ಚುಬಾಯಿ ನೋಡಿ ಮಗುವಿನ ಹಾಗೆ ಅತ್ತ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಲ್ಲ ಕೊಟ್ಟ ಕಾಕಾನೂ ಅವನೇ. ಅವನನ್ನು ರಾಕ್ಷಸನಾಗಿ ಬರೆದರೆ ನನಗೆ ಸುಲಭ.

"ವೈನಿ, ನಿಮ್ಮ ಕೈರುಚಿ ಹೆಚ್ಚಾಗೇದ," ಎಂದು ಅವ್ವನಿಗೆ ಹೇಳಿ ಬೆರಳು ನೆಕ್ಕಿದ. "ಆ ಸಾಬ ಎಲ್ಲಿ? ಅಣ್ಣನ ಹಲ್ಲು ಉದುರಿಸಿದವರ ಕೂಡ ನಕ್ಕೋತ ನಿಂತಿದ್ದನಂತ. ಮನಿ ತೋರಿಸಿದವನೂ ಅವನೇ ಅಂತಾರ."

"ಮನಿ ಉಳಿಸಿದ, ಗುಂಡಣ್ಣ," ಎಂದಳು ಅವ್ವ ಬಾಗಿಲ ಹಿಂದಿನಿಂದ. "ಈಗ ಎಲ್ಲೋ ಓಡಿಹೋಗ್ಯಾನ."

"ಎಲ್ಲೋ ಹೋಗಿಲ್ಲ. ಸಿಗ್ತಾನ."

ಅಪ್ಪ ತಲೆ ಬಗ್ಗಿಸಿ ಸೂಪು ಕುಡಿದ.

ಪಿತೃಪಕ್ಷದ ಏಕಾದಶಿ ಬಂತು. ನಮ್ಮಲ್ಲಿ ಅಂದು ಒಲೆ ಹಚ್ಚುವುದಿಲ್ಲ. ದೊಡ್ಡವರಿಗೆ ನೀರೂ ಇಲ್ಲ, ಮಕ್ಕಳಿಗೆ ಹಣ್ಣು. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳದ ದಿನವೆಂದರೆ ಏಕಾದಶಿ ಎಂದು ಓಣಿಯವರಿಗೆ ಪಂಚಾಂಗವಿಲ್ಲದೆಯೇ ಗೊತ್ತಾಗುತ್ತಿತ್ತು. ಅಂದು ಅವ್ವ ಒಲೆ ಹಚ್ಚಿದಳು. ಮರೆತಳು ಎಂದು ಪಾಂಡು ಹೇಳುತ್ತಾನೆ: ಪುರೋಹಿತರು ಬಂದು ತಿಥಿ ಹೇಳುವುದು ನಿಂತಿತ್ತು, ಅಂಥ ದಿನಗಳಲ್ಲಿ ಯಾರಿಗೆ ಲೆಕ್ಕ. ಗೊತ್ತಿದ್ದೇ ಹಚ್ಚಿದಳು ಎಂದು ನಾನು ಹೇಳುತ್ತೇನೆ: ಖಾಸೀಂ ಸಾಬನಿಗೆ ಕಿವಿ ಕೀವಾಗಿ ಜ್ವರ ಏರಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು, ಗಂಜಿ ಬೇಕಿತ್ತು. ಇಬ್ಬರೂ ಅವ್ವನನ್ನು ನಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದೇವೆ. ಒಲೆಯ ಮೇಲೆ ಮ್ಯಾಕರೋನಿ ಕುದಿಯುತ್ತಿತ್ತು ಎಂದು ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಸುಳ್ಳು, ಅದು ಬರೀ ಗಂಜಿ. ಹೊಗೆ ಮಾತ್ರ ನಿಜ. ಓಣಿಯ ತುದಿಯಲ್ಲಿ ಕಾಕಾ ಅದನ್ನು ನೋಡಿದ.

ಹಿತ್ತಲಿನ ದಾರಿಯಿಂದ ಬಂದರು, ಅವನೂ ಅವನ ಗುಂಪೂ. ಅವ್ವ ಹಿಂಬಾಗಿಲಿಗೆ ಅಡ್ಡ ನಿಂತಳು. ನಾನು ಹೊರಗೆ ಬಾವಿಯ ಪಕ್ಕ ಇದ್ದೆ.

"ಏಕಾದಶಿ ದಿನಾ ಯಾರಿಗೆ ಅಡಗಿ, ವೈನಿ?"

"ಹುಡುಗೂರಿಗೆ."

"ಹುಡುಗೂರು ಇಲ್ಲೇ ಬಾಳೆಹಣ್ಣು ತಿನ್ಲಿಕ್ಕತ್ತಾವ."

ಗುಂಪಿನವನೊಬ್ಬ ಹೊಸ್ತಿಲ ಕಡೆಗೆ ನಡೆದ. ಕಾಕಾ ಅವನ ಎದೆಗೆ ಬಂದೂಕು ಅಡ್ಡ ಹಿಡಿದ.

"ಏಯ್! ನಮ್ಮ ಮನಿ ಅಡಗಿಮನಿ ಅದು. ಯಾರೂ ಕಾಲಿಡಬ್ಯಾಡ್ರಿ. ನಾ ಸ್ನಾನಾ ಮಾಡಿ ಹೋಗ್ತೀನಿ."

ಆ ವಾರವೆಲ್ಲ ಅವನ ಕೈ ಏನು ಮಾಡಿತ್ತು ಎಂಬುದು ಊರಿಗೆ ಗೊತ್ತಿತ್ತು. ಆ ಕೈಯಿಂದ ಅವನು ಬಾವಿಯ ಹಗ್ಗ ಹಿಡಿದು, ಕೊಡ ಸೇದಿ, ತಲೆಯ ಮೇಲೆ ಸುರಿದುಕೊಂಡ. ಮಂತ್ರ ಗುನುಗಿದ. ಒದ್ದೆ ಪಂಚೆಯಲ್ಲಿ ಹೊಸ್ತಿಲಿಗೆ ಬಂದ. ಅವ್ವ ಹಾರಿ ಬಂದು ನನ್ನ ಜಡೆ ಹಿಡಿದು ಎಳೆದು, ಮೈಲಿಗೆಯ ಲಂಗದ ನನ್ನನ್ನು ತಬ್ಬಿಕೊಂಡಳು. ಅದೇ ಕೈಯನ್ನು ಅವನ ಒದ್ದೆ ಎದೆಯ ಮೇಲೆ ಚಾಚಿ ಇಟ್ಟಳು.

"ಮೈಲಿಗಿ ಆತು. ಇನ್ನೊಮ್ಮೆ ಮಾಡು."

ಅವನು ಕೈ ಎತ್ತಿದ, ಇಳಿಸಿದ, ಬಾವಿಗೆ ಹೋದ. ನಿಜವಾಗಿಯೂ ಹೋದ. ಇದನ್ನು ಕೇಳಿದವರು ನಂಬುವುದಿಲ್ಲ. ಗುಂಪು ನಗತೊಡಗಿತು.

"ಗುಂಡಪ್ಪಾ, ಬಾವಿ ಬತ್ತಿಸಿಬಿಟ್ಟೀಯೋ! ಸಾಬ ಮುದುಕ ಆಗಿ ತಾನೇ ಸಾಯ್ತಾನ ಬಿಡು!"

ಎರಡನೆಯ ಸಲ ಅವನು ಬಂದಾಗ ಅವ್ವನ ಕೈಯಲ್ಲಿ ಗಂಜಿಯ ಬಟ್ಟಲು ಇತ್ತು. ಹುಟ್ಟಿದಾಗಿನಿಂದ ಏಕಾದಶಿಯಂದು ಅನ್ನದ ಅಗುಳು ಮುಟ್ಟದ ಹೆಂಗಸು ಬಾಯಿ ತುಂಬ ಗಂಜಿ ತುಂಬಿಕೊಂಡು ಅವನ ಎದೆಗೆ ಉಗುಳಿದಳು. ಯಾರೂ ನಗಲಿಲ್ಲ. ಕಾಕಾ ಅವಳ ಬಲಗೈ ಹಿಡಿದು ಹಿಂದಕ್ಕೆ ತಿರುವಿದ. ಹಸಿಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಕೂದಲು ಹಿಡಿದು ಅವಳ ಹಣೆಯನ್ನು ಬಾಗಿಲ ಚೌಕಟ್ಟಿಗೆ ಹೊಡೆದ, ಮತ್ತೆ ಹೊಡೆದ. ಪಡಸಾಲೆಯ ಕಡೆಯಿಂದ ಅಪ್ಪ ಮುಚ್ಚಿದ ಬಾಗಿಲನ್ನು ಗುದ್ದುತ್ತಿದ್ದ. ಒಳಗಿನಿಂದ ಅಗಳಿ ಹಾಕಿದ್ದವಳು ಇವಳೇ.

ಕಟ್ಟಿಗೆ ರಾಶಿ ಸರಿಯಿತು. ಖಾಸೀಂ ಸಾಬ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದ.

"ಬಿಡ್ರಿ ಬಾಯೀನ್ನ. ನಾನೇ ಬಂದೀನಿ." ಮತ್ತೆ ಅವ್ವನ ಕಡೆ ತಿರುಗಿ ಸಿಡುಕಿದ, ಎಂದಿನ ದನಿಯಲ್ಲಿ: "ಗಂಜಿ ಇಳಸ್ರಿ. ತಳಾ ಹತ್ತಾಕ ಹತ್ತೈತಿ."

ಅವನನ್ನು ಬಾವಿಯ ಆಚೆ ಎಳೆದರು. ನಾನು ನೋಡಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನೋಡಿರಲಾರೆ, ನಡುವೆ ಬಾವಿಯ ಕಟ್ಟೆ ಇತ್ತು ಮತ್ತು ನಾನು ಗಿಡ್ಡ. ಹರೀಸು ಜಜ್ಜುವ ಒನಕೆ ಎದ್ದದ್ದು, ಇಳಿದದ್ದು ಕಂಡಿತು. ಅದು ಇಳಿದಲ್ಲಿ ಏನಿತ್ತೆಂಬುದು ಕಾಣಲಿಲ್ಲ. ಕೇಳಿಸಿತು. ಮೊದಲು ಅವನ ಕೂಗು, ಆಮೇಲೆ ಒನಕೆಯದು ಮಾತ್ರ. ಅದು ಮುಗಿದ ಮೇಲೆ ಕಾಕಾ ಮೂರನೆಯ ಸಲ ಸ್ನಾನ ಮಾಡಿದ. ನಾಳೆ ದ್ವಾದಶಿ, ಉಪವಾಸ ಮುರಿಯುವ ಪಾರಣೆಗೆ ಇಲ್ಲೇ ಬರುತ್ತೇನೆ, ಹೊತ್ತು ಮೀರದ ಹಾಗೆ ಎಲೆ ಹಾಕಿರಿ ಎಂದು ಹೇಳಿ ಹೋದ.

ಅಪ್ಪ ಮನೆ ಸುತ್ತಿ ಹಿತ್ತಲಿಗೆ ಬಂದಾಗ ಅವ್ವ ಖಾಸೀಂ ಸಾಬನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತಲೆ ಎನ್ನುವಂಥದು ಹೆಚ್ಚು ಉಳಿದಿರಲಿಲ್ಲ. ಅವನ ಓಣಿಯಿಂದ ಬರುವವರು ಯಾರೂ ಇರಲಿಲ್ಲ. ಅಪ್ಪ ಗುದ್ದಲಿ ತಂದ. ಎತ್ತಲಾರದ ತೋಳಿನಿಂದಲೇ, ಬೇವಿನ ಮರದ ಬುಡದಲ್ಲಿ, ಸಂಜೆಯವರೆಗೆ ಅಗೆದ. ಅವ್ವ ಗಳದಿಂದ ಮಡಿಯ ಸೀರೆಯನ್ನು ಕೈಯಿಂದಲೇ ಎಳೆದು ತಂದು ಹೊದಿಸಿದಳು. ಯಾವ ದಿಕ್ಕಿಗೆ ತಲೆ ಇಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅಪ್ಪ ಮಸೀದಿಯ ಗೋಡೆ ಯಾವ ಕಡೆ ಮುಖ ಮಾಡಿದೆ ಎಂದು ನೆನಪಿಸಿಕೊಂಡು ಗುಂಡಿಯ ಒಂದು ಮಗ್ಗುಲನ್ನು ಮತ್ತೆ ತಿದ್ದಿದ.

ಬೆಳಿಗ್ಗೆ ಕಾಕಾ ಬಂದ. ಮಿಂದು, ನಾಮ ಮುದ್ರೆ ಹಚ್ಚಿಕೊಂಡು, ಉಪವಾಸದ ಮುಖದಲ್ಲಿ ಎಲೆಯ ಮುಂದೆ ಕೂತ. ಪಕ್ಕದಲ್ಲಿ ಅಪ್ಪ. ಎದುರು ಪಾಂಡು ಮತ್ತು ನಾನು. ಅಗಳಿ ತೆಗೆದ ಬಾಗಿಲಿನಿಂದ ಅವ್ವ ಬಂದಳು. ನಿನ್ನೆಯ ಸೀರೆ, ಅಂಚು ರಕ್ತ ಒಣಗಿ ಬಿರುಸಾಗಿತ್ತು. ಹಣೆ ಒಡೆದು ಒಂದು ಕಣ್ಣು ಮುಚ್ಚಿತ್ತು. ಬಲಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದಳು. ಎಡಗೈಯಿಂದ ಅನ್ನ ಬಡಿಸಿದಳು.

"ವೈನಿ, ಸ್ನಾನಾ?"

"ಆಗಿಲ್ಲ."

"ಮಡಿ?"

"ಇಲ್ಲ."

"ಹೆಣಾ ಮುಟ್ಟಿದ ಕೈಲೆ ನೀಡ್ಲಿಕ್ಕತ್ತೀರೇನು?"

"ಇನ್ನೊಂದನ್ನ ನೀ ಮುರದೀದಿ, ಗುಂಡಣ್ಣ. ಇನ್ನ ಈ ಮನ್ಯಾಗ ಇರೋ ಕೈ ಇದೊಂದೇ. ಉಣ್ಣು."

ಕಾಕಾ ಎದ್ದು ನಿಂತ. ಒಂದು ಹಗಲು ಒಂದು ಇರುಳು ನೀರು ಕುಡಿಯದವನ ತುಟಿ ಬಿಳ್ಳಗೆ ಅಂಟಿಕೊಂಡಿತ್ತು.

"ಅಣ್ಣಾ, ಏಳು. ಮೈಲಿಗಿ ಅನ್ನ ಅದು."

ಅಪ್ಪ ಏಳಲಿಲ್ಲ. ಬೊಬ್ಬೆ ಎದ್ದ ಅಂಗೈಯಿಂದ ಅನ್ನಕ್ಕೆ ಸಾರು ಕಲಸಿದ, ಹಲ್ಲಿಲ್ಲದವರು ಕಲಸುವ ಹಾಗೆ, ಮೆತ್ತಗೆ, ಬಹಳ ಹೊತ್ತು. ಬಾಯಿಗೆ ಇಟ್ಟುಕೊಂಡ. ನುಂಗುವುದು ಗಂಟಲಿನಲ್ಲಿ ಕಂಡಿತು. ಕಾಕಾ ಹೊಸ್ತಿಲ ಹತ್ತಿರ ಹೋಗಿ, ದಾಟದೆ, ನಿಂತ. ಬಿಸಿಲು ಪಡಸಾಲೆಯ ಒಳಗೆ ಬಂತು, ಪಾರಣೆಯ ಹೊತ್ತು ಕಳೆಯುತ್ತಿತ್ತು. ಅಪ್ಪ ತುತ್ತಿನ ಮೇಲೆ ತುತ್ತು ಉಂಡ, ತಲೆ ಎತ್ತಲಿಲ್ಲ, ತಮ್ಮನ ಕಡೆ ನೋಡಲಿಲ್ಲ, ಅವ್ವನ ಕಡೆಯೂ ನೋಡಲಿಲ್ಲ. ಅನ್ನ ಮುಗಿಯಿತು. ಬೆರಳಿನಿಂದ ಎಲೆಯನ್ನು ಬಳಿದ.

"ಇನ್ನಷ್ಟು ನೀಡು," ಎಂದ.

ಅವ್ವ ಎಡಗೈಯಿಂದ ನೀಡಿದಳು.